ಚೀಲ ಕಾಯುವವಳಿಗೂ ಒಂದು ಶಿಖರ

ಚಾರಣಪಥ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಿಮ್ಮ ಮೂರು ನಿಯಮಗಳು ಒಟ್ಟಾಗಿ ನನ್ನ ಅಕ್ಕನನ್ನು ಬೆಟ್ಟದ ತುದಿಗೆ ಹೋಗದಂತೆ ತಡೆದು ನಿಲ್ಲಿಸಿವೆ. ಒಂದೊಂದನ್ನೇ ಕರೆದು ಮಾತಾಡಿಸಿದರೆ ಮೂರೂ ಸಭ್ಯವಾದ ನಿಯಮಗಳೇ. ನನ್ನ ತಕರಾರು ಇರುವುದು ಅವುಗಳ ಒಗ್ಗಟ್ಟಿನ ಬಗ್ಗೆ.

ಈ ಪತ್ರ ಓದುತ್ತಿರುವ ಉಳಿದವರಿಗಾಗಿ ವಿಷಯವನ್ನು ಬಿಡಿಸಿ ಹೇಳುತ್ತೇನೆ. ಕಾಡಿನೊಳಗೆ ನಾಲ್ಕು ದಿನ ನಡೆಯುವ ಹಾದಿಯೊಂದು ನಿಮ್ಮ ಆಡಳಿತದಲ್ಲಿದೆ. ಎರಡನೆಯ ದಿನ ಬೆಳಗ್ಗೆ ಅದು ಒಂದು ಕವಲಿಗೆ ಬರುತ್ತದೆ. ನೇರ ಹೋದರೆ ಮುಂದಿನ ತಂಗುದಾಣ, ಎಡಕ್ಕೆ ಹತ್ತಿದರೆ ಶಿಖರ. ಶಿಖರಕ್ಕೆ ಹೋದವರು ಅದೇ ದಾರಿಯಲ್ಲಿ ಇಳಿದು ಕವಲಿಗೇ ಬರಬೇಕು. ಹಾಗಾಗಿ ಚಾರಣಿಗರು ಮೊದಲಿನಿಂದಲೂ ಡೇರೆ, ಒಲೆ, ಬಟ್ಟೆಬರೆ ತುಂಬಿದ ಭಾರದ ಚೀಲಗಳನ್ನು ಕವಲಿನ ಮರಕ್ಕೆ ಒರಗಿಸಿ, ನೀರು, ಬಿಸ್ಕತ್ತು, ಮಳೆಯಂಗಿ ಇಷ್ಟನ್ನೇ ಹಿಡಿದು ಹಗುರವಾಗಿ ಹತ್ತುತ್ತಿದ್ದರು. ಬೆಟ್ಟ ಹತ್ತುವವರಿಗೆ ಇದಕ್ಕಿಂತ ಸಹಜವಾದದ್ದು ಇನ್ನೇನಿದೆ?

ಅಷ್ಟರಲ್ಲಿ ಅಲ್ಲಿಯ ಕಾಗೆಗಳು ಜಿಪ್ ಎಳೆಯುವುದನ್ನು ಕಲಿತವು. ಒಬ್ಬರ ಕಾಲುಚೀಲ, ಇನ್ನೊಬ್ಬರ ಬ್ರೆಡ್ಡು, ಮತ್ತೊಬ್ಬರ ಮಾತ್ರೆಗಳು ಕಾಡಿನ ತುಂಬ ಹರಡಿದವು. ನೀವು ಎಚ್ಚೆತ್ತಿರಿ. ಇನ್ನು ಮುಂದೆ ಚೀಲಗಳನ್ನು ಕಾವಲಿಲ್ಲದೆ ಬಿಟ್ಟು ಹೋಗುವಂತಿಲ್ಲ, ಬಿಟ್ಟರೆ ಕಾವಲುಗಾರರು ಎತ್ತಿಕೊಂಡು ಹೋಗುತ್ತಾರೆ ಎಂದಿರಿ. ಒಪ್ಪಿದೆವು. ಮೇಲಿನ ಬಂಡೆ ಕಡಿದಾದದ್ದು, ಭಾರದ ಚೀಲ ಹೊತ್ತು ಹತ್ತುವಂತಿಲ್ಲ ಎಂದಿರಿ. ಅದನ್ನೂ ಒಪ್ಪಿದೆವು. ಶಿಖರಕ್ಕೆ ಒಬ್ಬರೇ ಹೋಗುವಂತಿಲ್ಲ, ಕನಿಷ್ಠ ಇಬ್ಬರಿರಬೇಕು ಎಂದಿರಿ. ತಲೆಯಾಡಿಸಿದೆವು. ಆಮೇಲೆ ಕುಳಿತು ಯೋಚಿಸಿದಾಗ ಹೊಳೆಯಿತು: ಹಾಗಾದರೆ ತಂಡದಲ್ಲಿ ಮೂವರಿರಲೇಬೇಕು, ಆ ಮೂವರಲ್ಲಿ ಒಬ್ಬರು ಶಿಖರ ನೋಡಲೇಬಾರದು. ಕಾಯುವವರ ಹೆಸರು ಹತ್ತುವವರ ಪರವಾನಗಿಯಲ್ಲೇ ಇರಬೇಕೆಂಬ ಷರತ್ತನ್ನೂ ಸೇರಿಸಿದಿರಿ. ಅವರು ಕೂರಲೆಂದು ಕವಲಿನಲ್ಲಿ ಒಂದು ಬೆಂಚು ಹಾಕಿಸಿ ಅದರ ಬೆನ್ನಿಗೆ ‘ಚೀಲ ಕಾಯುವವರಿಗೆ ಮಾತ್ರ’ ಎಂದು ಬರೆಸಿದಿರಿ. ವೃದ್ಧರಿಗೆ, ಗರ್ಭಿಣಿಯರಿಗೆ ಮೀಸಲಾದ ಆಸನಗಳನ್ನು ನಾನು ನೋಡಿದ್ದೇನೆ. ತ್ಯಾಗಕ್ಕೆ ಮೀಸಲಾದ ಆಸನವನ್ನು ನೋಡಿದ್ದು ನಿಮ್ಮಲ್ಲೇ ಮೊದಲು.

ಆ ಬೆಂಚಿನ ಮೇಲೆ ನನ್ನ ಅಕ್ಕ ಮೂರು ಸಲ ಕೂತಿದ್ದಾಳೆ.

ಅಕ್ಕ ಶಾಲೆಯ ಬಸ್ಸಿನ ಡ್ರೈವರು. ಮಕ್ಕಳನ್ನು ತಾರಾಲಯಕ್ಕೆ, ವಸ್ತುಸಂಗ್ರಹಾಲಯಕ್ಕೆ, ಸಮುದ್ರದ ದಂಡೆಗೆ ಕರೆದೊಯ್ದಿದ್ದಾಳೆ. ಆ ಎಲ್ಲ ಜಾಗಗಳಲ್ಲಿ ಬಸ್ಸು ನಿಲ್ಲಿಸುವ ಬಯಲನ್ನು ಅವಳು ಕಣ್ಣುಮುಚ್ಚಿ ವರ್ಣಿಸಬಲ್ಲಳು, ಒಳಗೆ ಏನಿದೆ ಎಂದರೆ ಮಕ್ಕಳನ್ನು ಕೇಳಿ ಎನ್ನುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಇರಬೇಕಲ್ಲ? ಚಾರಣದ ಹುಚ್ಚು ಹಿಡಿಸಿದ್ದೂ ಅವಳೇ. ಸ್ಟೀರಿಂಗ್ ಹಿಡಿಯದೆ, ಹಿಂದೆ ಯಾರೂ ಕಿರುಚದೆ ನಾಲ್ಕು ದಿನ ಇರಬೇಕು ಅಂತ ಅವಳ ಆಸೆ. ಅವಳ ಜೊತೆ ನಾನು, ನನ್ನ ಜೊತೆ ನಮ್ಮ ಅತ್ತಿಗೆ ಹೊರಟೆವು.

ಮೊದಲ ಸಲ ಕವಲಿಗೆ ಬಂದಾಗ ಅಕ್ಕ ಬೂಟು ಕಚ್ಚುತ್ತಿದೆ, ನೀವಿಬ್ಬರು ಹೋಗಿಬನ್ನಿ ಎಂದಳು. ಎರಡನೆಯ ಸಲ ಬೂಟಿನ ನೆಪವನ್ನೂ ಹೇಳಲಿಲ್ಲ, ಸೀದಾ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು. ಮೂರನೆಯ ಸಲ ಅತ್ತಿಗೆ ನ್ಯಾಯ ತೆಗೆದರು, ಚೀಟಿಯಾದರೂ ಎತ್ತೋಣ ಎಂದರು. ಚೀಟಿಗೆ ಕಾಗದವಿರಲಿಲ್ಲ, ಬೆಂಕಿಕಡ್ಡಿಯಾಯಿತು. ಗಿಡ್ಡ ಕಡ್ಡಿ ಬಂದವರು ಕಾಯುವುದು. ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದವಳು ಅಕ್ಕ. ಅತ್ತಿಗೆ ಎಳೆದದ್ದು ಪೂರ್ತಿ ಕಡ್ಡಿ, ನಾನು ಎಳೆದದ್ದೂ ಪೂರ್ತಿ ಕಡ್ಡಿ. ಅಕ್ಕ ಮುಷ್ಟಿ ಬಿಚ್ಚುವ ಮೊದಲು ಟಕ್ ಎಂದು ಸಣ್ಣ ಸದ್ದಾಯಿತು. ನನಗೂ ಕೇಳಿಸಿತು, ಅತ್ತಿಗೆಗೂ ಕೇಳಿಸಿತು. ಆದರೆ ಎದುರಿಗೆ ಶಿಖರವಿರುವಾಗ ಮನುಷ್ಯರ ಕಿವಿ ಸ್ವಲ್ಪ ಮಂದವಾಗುತ್ತದೆ.

ಇಳಿದು ಬಂದಾಗ ಅಕ್ಕ ಕಾಫಿ ಕಾಯಿಸಿ ಇಟ್ಟಿದ್ದಳು. ಮೇಲೆ ಏನು ಕಾಣಿಸಿತು ಎಂದು ಕೇಳಿದಳು. ಮಾನ್ಯರೇ, ನಾನು ಸ್ನಾತಕೋತ್ತರ ಪದವಿಯವರೆಗೆ ಸಾಹಿತ್ಯ ಓದಿದವಳು. ಬೆಳಗ್ಗೆ ಎದ್ದರೆ ಪತ್ರಿಕೆಗಿಂತ ಮೊದಲು ಕವಿತೆ ಬೇಕು ನನಗೆ. ಮೋಡ ನಮ್ಮ ಕಾಲ ಕೆಳಗೆ ಹರಡಿಕೊಂಡದ್ದು, ಅದರ ನಡುವೆ ದೂರದ ಬೆಟ್ಟಗಳ ನೆತ್ತಿಗಳಷ್ಟೇ ತೇಲುತ್ತಿದ್ದದ್ದು, ಗಾಳಿ ನಿಂತ ಒಂದು ಗಳಿಗೆಯಲ್ಲಿ ನನ್ನ ಉಸಿರು ಇನ್ನೊಬ್ಬರದೇನೋ ಎನ್ನುವಂತೆ ನನಗೇ ಕೇಳಿಸಿದ್ದು, ಎಲ್ಲವೂ ಗಂಟಲವರೆಗೆ ಬಂತು. ಬಾಯಿಂದ ಬಿದ್ದದ್ದು ಒಂದೇ ಮಾತು.

“ಚೆನ್ನಾಗಿತ್ತು.”

ಅಕ್ಕ ಲೋಟವನ್ನು ನನ್ನ ಕೈಗಿಟ್ಟು, “ಇಷ್ಟೆಲ್ಲ ಓದಿ ಇಷ್ಟೇನೇ?” ಎಂದಳು.

ಈ ವರ್ಷ ಮತ್ತೆ ಹೊರಡುವ ಲೆಕ್ಕ ಹಾಕಿದೆವು. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಲ್ಕು ಮೂಲೆಗೂ ಸ್ಟೀಲ್ ಲೋಟ ಇಟ್ಟು ಕೂತೆವು. ಶಿಖರದ ದಾರಿಯಲ್ಲಿ ನೀರಿಲ್ಲ, ಹಾಗಾಗಿ ನೀರು ಎಷ್ಟು ಬೇಕು, ಮಧ್ಯಾಹ್ನ ಮೋಡ ಕವಿಯುವ ಮೊದಲು ಇಳಿಯಬೇಕಾದರೆ ತಂಗುದಾಣವನ್ನು ಎಷ್ಟು ಬೇಗ ಬಿಡಬೇಕು, ಎಷ್ಟು ಗಂಟೆಯೊಳಗೆ ತುದಿ ಸಿಗದಿದ್ದರೆ ಮರ್ಯಾದೆಯಿಂದ ಹಿಂತಿರುಗಬೇಕು, ಎಲ್ಲವನ್ನೂ ಮಾತಾಡಿದೆವು. ನಮ್ಮ ಯಜಮಾನರು ಟಿವಿ ಮುಂದಿನಿಂದಲೇ, “ಇಷ್ಟು ಯೋಜನೆ ಮಾಡಿದ್ರೆ ಸರ್ಕಾರಾನೇ ನಡೆಸ್ಬಹುದಿತ್ತು” ಎಂದರು. ಸರ್ಕಾರ ನಡೆಸುವುದಕ್ಕೆ ಇಷ್ಟೊಂದು ಯೋಜನೆ ಬೇಕಾಗುವುದಿಲ್ಲವೆಂದು ನಿಮ್ಮ ಕಚೇರಿಗೆ ಹೋದ ಮೇಲೆ ನನಗೆ ಮನವರಿಕೆಯಾಯಿತು.

ಏಕೆಂದರೆ ಈ ಸಲ ನಾವು ಇಬ್ಬರೇ. ಅತ್ತಿಗೆಗೆ ಮೊಮ್ಮಗಳು ಹುಟ್ಟಿದ್ದಾಳೆ, ಅವಳನ್ನು ಬಿಟ್ಟು ಅವರು ಪಕ್ಕದ ಬೀದಿಗೂ ಬರುತ್ತಿಲ್ಲ. ಕಿಟಕಿಯ ಹಿಂದಿದ್ದ ನಿಮ್ಮ ಗುಮಾಸ್ತೆ ಒಳ್ಳೆಯವರು, ಬೇಸರಿಸದೆ ವಿವರಿಸಿದರು.

“ಇಬ್ರು ಮೇಲೆ ಹೋಗಿ, ಒಬ್ರು ಚೀಲ ಕಾಯ್ಲಿ. ಅಷ್ಟೇ ಅಲ್ವಾ ಮೇಡಂ?”

“ನಾವಿರೋದೇ ಇಬ್ರು ಕಣಮ್ಮ.”

“ಹಾಗಾದ್ರೆ ಮನೆಯವರನ್ನ ಕರ್ಕೊಂಡ್ಬನ್ನಿ.”

ಮನೆಯವರು ಎರಡನೆಯ ಮಹಡಿಯನ್ನೇ ಶಿಖರವೆಂದು ಎಣಿಸುವವರು ಎಂದೆ. ದಾರಿಯಲ್ಲಿ ಸಿಕ್ಕವರನ್ನು ಕೇಳಿಕೊಂಡರೆ ಆಗದೇ ಎಂದೆ. ಪರವಾನಗಿಯಲ್ಲಿ ಹೆಸರಿಲ್ಲದವರು ಕಾದರೆ ಅದು ಕಾದಂತೆ ಆಗುವುದಿಲ್ಲವಂತೆ. ತಮಗೆ ಮನವಿ ಬರೆದುಕೊಟ್ಟು ಬಂದೆ. ತಮ್ಮ ಉತ್ತರ ಬಂತು, ಚುಟುಕಾಗಿ, ಸೊಗಸಾಗಿ: ಮುಂದಿನ ವರ್ಷ ಮೂವರಾಗಿ ಬನ್ನಿ, ಶಿಖರ ಎಲ್ಲಿಗೂ ಓಡಿಹೋಗುವುದಿಲ್ಲ.

ಶಿಖರ ಓಡಿಹೋಗುವುದಿಲ್ಲ, ನಿಜ. ಓಡಿಹೋಗುತ್ತಿರುವುದು ಅಕ್ಕನ ಮಂಡಿ. ಇಷ್ಟು ವರ್ಷ ಕ್ಲಚ್ಚು ತುಳಿದು ತುಳಿದು ಎಡಗಾಲಿನದು ಸವೆದಿದೆ. ಈ ವರ್ಷ ನಿಧಾನವಾಗಿ ಹತ್ತಿ ಇಳಿಯಬಹುದು, ಮುಂದಿನ ವರ್ಷದ ಮಾತು ನನ್ನನ್ನು ಕೇಳಬೇಡಿ ಎಂದು ಮೂಳೆ ಡಾಕ್ಟರು ಹೇಳಿಬಿಟ್ಟಿದ್ದಾರೆ. ಬೆಟ್ಟಕ್ಕೆ ಕೋಟಿ ವರ್ಷಗಳ ವ್ಯವಧಾನವಿದೆ, ನಿಮ್ಮ ಕಚೇರಿಗೂ ಇದ್ದಂತಿದೆ. ಅಕ್ಕನಿಗೆ ಇರುವುದು ಈ ಬೇಸಿಗೆ ಮಾತ್ರ. ಮಳೆಗಾಲಕ್ಕೆ ಹಾದಿ ಮುಚ್ಚುವ ಮೊದಲು ಅವಳು ಹತ್ತಬೇಕು, ಇಲ್ಲವಾದರೆ ಇಲ್ಲ.

ಬರೀ ಚೀಲ ಕಾಯಲೆಂದು ಯಾರೂ ನಾಲ್ಕು ದಿನ ನಡೆದು ಬರುವುದಿಲ್ಲ. ಹಾಗಾಗಿ, ಶಿಖರದ ಆಸೆಯಿರುವ ಮೂರನೆಯವರೊಬ್ಬರನ್ನು ಹೇಗಾದರೂ ಹುಡುಕುತ್ತೇನೆ, ನೀನು ಅವರ ಜೊತೆ ಹೋಗು, ನಾನು ಚೀಲ ಕಾಯುತ್ತೇನೆ ಎಂದು ಅಕ್ಕನಿಗೆ ಹೇಳಿನೋಡಿದೆ. ಅವಳು ಬಾಯ್ತುಂಬ ನಕ್ಕಳು.

“ನೀನು ಕಾಯ್ತೀಯಾ? ನಿನ್ನ ಕೈಗೊಂದು ಪುಸ್ತಕ ಕೊಟ್ರೆ ಸಾಕು, ಕಾಗೆಗಳು ಚೀಲ ಅಲ್ಲ, ಬೆಟ್ಟಾನೇ ಹೊತ್ಕೊಂಡು ಹೋದ್ರೂ ನಿಂಗೆ ಗೊತ್ತಾಗಲ್ಲ.”

ಆಮೇಲೆ ನಕ್ಷೆ ಮಡಿಸುತ್ತ, ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದಳು.

“ಗೊತ್ತಿಲ್ಲದವರ ಜೊತೆ ಮೇಲೆ ಹೋಗಿ ಏನೇ ಮಾಡ್ಲಿ? ನೋಡು ಅಲ್ಲಿ, ನೋಡು ಇಲ್ಲಿ ಅಂತ ತೋರ್ಸೋಕೆ ನೀನು ಬೇಡ್ವಾ?”

ಹೀಗಿರುವಾಗ ನಾನು ಕೇಳುವುದು ದೊಡ್ಡದೇನಲ್ಲ. ನಿಮ್ಮ ನಿಯಮ ಸಡಿಲಿಸಿ ಎನ್ನುತ್ತಿಲ್ಲ, ಕಾಗೆಗಳಿಗೆ ಬುದ್ಧಿ ಹೇಳಿ ಎನ್ನುತ್ತಿಲ್ಲ. ಅದೇ ಕವಲಿನಲ್ಲಿ, ಬೆಂಚಿನಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ, ನಿಮ್ಮ ಕಚೇರಿಯ ‘ಸಲಹಾ ಪೆಟ್ಟಿಗೆ’ ಇದೆ. ದಪ್ಪ ತಗಡಿನದು, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು, ಗೋದ್ರೆಜ್ ಬೀರುವನ್ನು ಮಲಗಿಸಿದಷ್ಟು ಅಗಲ. ಇಷ್ಟು ದೊಡ್ಡ ಪೆಟ್ಟಿಗೆ ಮಾಡಿಸುವಾಗ ಜನರಿಂದ ಎಂಥೆಂಥ ಸಲಹೆಗಳನ್ನು ನಿರೀಕ್ಷಿಸಿದ್ದಿರೋ ಕಾಣೆ. ಅದರ ಬೀಗವನ್ನು ಯಾವ ಕಾಗೆಯೂ ಇದುವರೆಗೆ ತೆರೆದಿಲ್ಲ. ತುಕ್ಕು ನೋಡಿದರೆ ನಿಮ್ಮವರೂ ತೆರೆದಂತಿಲ್ಲ. ದಯವಿಟ್ಟು ಅದನ್ನು ಖಾಲಿ ಮಾಡಿಸಿ, ಚಾರಣಿಗರು ತಮ್ಮದೇ ಬೀಗ ಹಾಕಿಕೊಳ್ಳಲು ಒಂದು ಕೊಂಡಿ ಕೂರಿಸಿ, ಚೀಲಗಳನ್ನು ಇಡಲು ಬಿಡಿ. ಪೆಟ್ಟಿಗೆಯಲ್ಲಿಟ್ಟ ಚೀಲ ಕಾವಲಿಲ್ಲದ ಚೀಲವಲ್ಲ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಸಲಹೆ ಇರುವವರು ನನ್ನ ಹಾಗೆ ಬಹಿರಂಗ ಪತ್ರ ಬರೆದುಕೊಳ್ಳಲಿ.

ಹಾದಿಯ ಪರವಾನಗಿ ನಮಗೆ ಸಿಕ್ಕಿದೆ, ಶಿಖರದ್ದು ಮಾತ್ರ ನಿಮ್ಮ ಕೈಯಲ್ಲಿದೆ. ಮಂಡಿಯ ವಿಷಯ ಬರೆಯಬೇಡ, ಆಮೇಲೆ ಹಾದಿಗೇ ಬರಬೇಡಿ ಅಂದುಬಿಡುತ್ತಾರೆ ಎಂದು ಅಕ್ಕ ಹೆದರಿಸಿದಳು. ನಿಮ್ಮ ಮೇಲೆ ಅಷ್ಟು ಅಪನಂಬಿಕೆ ನನಗಿಲ್ಲ, ಅದಕ್ಕೇ ಬರೆದಿದ್ದೇನೆ. ಬರುವ ತಿಂಗಳು ನಾವಿಬ್ಬರೂ ಆ ಕವಲಿಗೆ ಬಂದೇ ಬರುತ್ತೇವೆ. ಪೆಟ್ಟಿಗೆ ತೆರೆದಿದ್ದರೆ ಅಕ್ಕನನ್ನು ಮುಂದೆ ಬಿಟ್ಟು ನಾನು ಹಿಂದೆ ಹತ್ತುತ್ತೇನೆ. ತೆರೆದಿರದಿದ್ದರೆ ಎಡಕ್ಕೆ ತಿರುಗಿಯೂ ನೋಡದೆ ಅವಳ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತೇನೆ. ಅವಳನ್ನು ಒಬ್ಬಳೇ ಕೂರಿಸುವ ಕೆಲಸವನ್ನು ಇನ್ನು ನಾನು ಮಾಡಲಾರೆ, ಅದನ್ನು ನೀವೂ ಮಾಡಬೇಡಿ.

ಇಂತಿ,
ಸ್ವಲ್ಪ ಸರಿದು ಕೂತರೆ ಬೆಂಚಿನಲ್ಲಿ ಇಬ್ಬರಿಗೆ ಜಾಗವಾಗುತ್ತದೆಂದು ಈಗ ತಿಳಿದುಕೊಂಡಿರುವ
ತಂಗಿ