ಎಂಟನೆಯ ಬಣ್ಣದ ಪರವಾಗಿ ಒಂದು ಬಿನ್ನಹ

ಕೂದಲೆಳೆಗಿಂತ ಸಪೂರ ದಾರಿಯಲ್ಲಿ ಬೆಳಕನ್ನು ಸಾಲುಗಟ್ಟಿಸಿ ನಡೆಸುವ ಮಹಾಪ್ರಭುಗಳೂ ಪ್ರಯೋಗಾಲಯದ ಏಕೈಕ ಎಸಿ ರಿಮೋಟಿನ ಒಡೆಯರೂ ಆದ ಮುಖ್ಯಸ್ಥರ ಸನ್ನಿಧಿಗೆ, ಅಳತೆ ವಿಭಾಗದ ಅತಿ ಕಿರಿಯಳ ಸಾವಿರ ನಮಸ್ಕಾರ.

ಸರ್, ಇವತ್ತು ಮೂರು ಗಂಟೆಯ ಸಭೆಯಲ್ಲಿ ನಮ್ಮ ವಿನ್ಯಾಸಕಿ ಅಕ್ಕನ ಚಿಪ್ ಕೈಬಿಡಬೇಡಿ. ಒಂದೇ ದಾರಿಯಲ್ಲಿ ಎಂಟು ಬಣ್ಣದ ಬೆಳಕು, ಬಣ್ಣಕ್ಕೊಂದು ಮಾಹಿತಿ ಎಂದು ಎರಡು ವರ್ಷ ತಲೆ ಕೆಡಿಸಿಕೊಂಡವರು ಅವರು. ನಿನ್ನೆ ಎಂಟನೆಯ ಬಣ್ಣ ಜಾರಿ ಏಳನೆಯದರ ಮೇಲೆ ಬಿದ್ದಾಗ ನೀವು, "ಇಷ್ಟು ಒತ್ತೊತ್ತಾಗಿ ತುರುಕಿದ್ರೆ ಹೀಗೇ ಆಗೋದಮ್ಮ, ನಾಲ್ಕೇ ಸಾಕು" ಅಂದಿರಿ. ಸದಾ ವಾದಕ್ಕೆ ನಿಲ್ಲುವ ಅಕ್ಕ "ಆಯ್ತು ಸರ್" ಅಂದುಬಿಟ್ಟರು. ಬೆಳಿಗ್ಗೆಯಿಂದ ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾರೆ. ನನ್ನನ್ನು "ಲೇ ಕೋತಿ" ಅಂತ ಒಮ್ಮೆಯೂ ಬೈದಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪತ್ರವನ್ನೂ ಓಡಾಡುತ್ತಲೇ ಬರೆಯುತ್ತಿದ್ದೇನೆ.

ತಪ್ಪು ವಿನ್ಯಾಸದ್ದಲ್ಲ. ಚಿಪ್ ತುಸು ಬಿಸಿಯಾದರೂ ಬಣ್ಣ ಜಾರುತ್ತದೆ, ನಿನ್ನೆ ಅದು ಬಿಸಿಯಾಗಿತ್ತು. ದಯವಿಟ್ಟು ಸಭೆಗೆ ಮುಂಚೆ ಇನ್ನೊಂದು ಸಲ ಅಳೆಯಲು ಬಿಡಿ. ಎಂಟೂ ನೆಟ್ಟಗೆ ನಿಲ್ಲುತ್ತವೆ.

ಇಂತಿ,
ತಮ್ಮ ಕ್ಷಮೆಯ ಖಾಯಂ ಗಿರಾಕಿ

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಅಂತ ಕೇಳುತ್ತೀರಿ. ಚಿಪ್ ಇರುವ ಪೆಟ್ಟಿಗೆಯ ಬಿಸಿಯನ್ನು ಹೊರಹಾಕುವ ಫ್ಯಾನು ಬೆಚ್ಚನೆ ಗಾಳಿ ಬಿಡುತ್ತದೆ ಸರ್. ನಿನ್ನೆ ಅದರ ಬಾಯಿಗೆ ನನ್ನ ಒದ್ದೆ ಕಾಲುಚೀಲ ಒಣಹಾಕಿದ್ದೆ.