ಮೂರು ಬೆರಳಿನ ಸಂದು

ಮಾರ್ಚ್ 2, ಭಾನುವಾರ. ಬೆಳಿಗ್ಗೆ 7

ಪಟ್ಟಿ ಮತ್ತೆ ಬರೆದೆ. ನಾಲ್ಕನೇ ಸಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರೆ. ನಾನು ಕುಲಾವಿಗೂ ಅಳತೆ, ಬಟ್ಟೆ, ಹೊಲಿಗೆ ಎಂದು ಮೂರು ಕಾಲಂ ಹಾಕಿದ್ದೇನೆ. ಫ್ಯಾಕ್ಟರಿಯ ಚಾಳಿ. ಹದಿನಾಲ್ಕು ವರ್ಷ ಕ್ವಾಲಿಟಿ ಸೆಕ್ಷನ್ನಿನಲ್ಲಿ ಬೇರಿಂಗ್ ಅಳೆದವನಿಗೆ ಡೈಪರ್ ಕೂಡ ಒಂದು ಪಾರ್ಟೇ.

A: ಇಲ್ಲದಿದ್ದರೆ ಆಗುವುದಿಲ್ಲ. ತೊಟ್ಟಿಲು, ಗಟ್ಟಿ ಹಾಸಿಗೆ, ಡೈಪರ್, ಥರ್ಮಾಮೀಟರ್, ಕಾರಿಗೆ ಮಗುವಿನ ಸೀಟು.
B: ಇದ್ದರೆ ಒಳ್ಳೆಯದು. ಸ್ನಾನದ ಟಬ್ಬು, ಎರಡು ಬಾಟಲಿ.
C: ಅಂಗಡಿಯವರ ಆಸೆ. ಒರೆಸುವ ಟಿಶ್ಯೂವನ್ನು ಬೆಚ್ಚಗೆ ಮಾಡುವ ಮಷೀನು ಇತ್ಯಾದಿ.

ನಿನ್ನೆ ಅಂಗಡಿಯಲ್ಲಿ ಗೊಂಬೆಯ ಕಣ್ಣು ಹಿಡಿದು ಎಳೆದೆ. ಕೈಗೇ ಬಂತು. ಸೇಲ್ಸ್ ಹುಡುಗಿ, “ಸಾರ್, ಅದನ್ನ ಹಾಗೆಲ್ಲ ಎಳೀಬಾರ್ದು” ಎಂದಳು. “ಮಗೂಗೂ ಹೀಗೇ ಹೇಳ್ತೀರಾ?” ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ಬೇರೆ ಯಾರದೋ ಹೆಂಡತಿಯ ಹಾಗೆ ಮುಖ ಮಾಡಿಕೊಂಡು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದಳು.

ಇನ್ನು ಐದಾರು ವಾರ. A ಪಟ್ಟಿಯಲ್ಲಿ ತೊಟ್ಟಿಲು ಒಂದೇ ಬಾಕಿ.

ಮಾರ್ಚ್ 4, ಮಂಗಳವಾರ. ಊಟದ ಬಿಡುವು

ಅಕ್ಕನ ಫೋನು. “ತೊಟ್ಟಿಲು ಗಿಟ್ಟಿಲು ತಗೊಂಡುಬಿಟ್ಟೀಯ, ಜೋಕೆ! ನಮ್ಮನೇಲಿ ಇದೆಯಲ್ಲೋ. ನಿಮ್ಮ ಭಾವ ಆಗಲೇ ಕೆಳಗಿಳಿಸಿ ಒರೆಸ್ತಿದಾರೆ.”

ಹೂಂ ಎಂದೆ.

ಭಾವ ಬಡಗಿ. ನಾಲ್ಕು ವರ್ಷದ ಹಿಂದೆ ಅದನ್ನು ತಮ್ಮ ಕೈಯಾರೆ ಮಾಡಿದ್ದರು. ನಾಲ್ಕು ಕಾಲು, ಸುತ್ತ ಮರದ ಸರಳು, ಒಂದೇ ಒಂದು ಮೊಳೆ ಇಲ್ಲ. ಅಕ್ಕನ ಮಗಳು ಅದರಲ್ಲಿ ಮಲಗಿದ್ದು ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಬೆಳಿಗ್ಗೆ ಏಳಲಿಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು ಎಂದು ಡಾಕ್ಟರು ಬರೆದುಕೊಟ್ಟರು. ಆ ಒಂದು ಕಾಗದವನ್ನೇ ಹಿಡಿದುಕೊಂಡು ಅಕ್ಕ ಎದ್ದು ಓಡಾಡುವಂತಾದದ್ದು.

ನಾಲ್ಕು ವರ್ಷದಲ್ಲಿ ಅವಳ ದನಿ ಇಷ್ಟು ಗೆಲುವಾಗಿ ಕೇಳಿದ್ದು ಇವತ್ತೇ.

ಮಾರ್ಚ್ 5, ಬುಧವಾರ

ಹೆಂಡತಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿದಳು.

“ಆಗಲ್ಲ ರೀ. ನನ್ನ ಕೆಟ್ಟವಳು ಅನ್ನಿ, ಏನಾದ್ರೂ ಅನ್ನಿ. ಅದರಲ್ಲಿ ನನ್ನ ಮಗೂನ ಮಲಗಿಸಿ ನಾನು ಕಣ್ಣು ಮುಚ್ಚೋಕಾಗಲ್ಲ.”

“ಮರ ಏನು ಮಾಡೀತು?” ಎಂದೆ.

“ಮರ ಏನೂ ಮಾಡಲ್ಲ, ನಂಗೂ ಗೊತ್ತು. ಭಯಕ್ಕೆ ಗೊತ್ತಾಗಬೇಕಲ್ಲ.”

ವಾದ ಮಾಡಲಿಲ್ಲ. ಏಕೆಂದರೆ... ಇಲ್ಲಿಯಾದರೂ ನಿಜ ಬರೆಯಬೇಕು. ಅವಳು ಬೇಡವೆಂದಾಗ ನನಗೂ ಉಸಿರು ಹಗುರಾಯಿತು. ಹೆದರಿದ್ದು ಇಬ್ಬರೂ. ಬಾಯಿಬಿಟ್ಟು ಹೇಳಿದವಳು ಅವಳು.

ಅಕ್ಕನಿಗೆ ಹೇಗೆ ಹೇಳುವುದು? ‘ನಿನ್ನ ಮಗು ಹೋದ ತೊಟ್ಟಿಲು ನಮಗೆ ಬೇಡ’ ಎಂದೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥದ್ದೇನಾದರೂ ಹುಡುಕಬೇಕು.

ಮಾರ್ಚ್ 9, ಭಾನುವಾರ. ಸಂಜೆ

ಹುಡುಕಿದೆ. ಎಂಥ ಬುದ್ಧಿವಂತ ನಾನು.

ಫ್ಯಾಕ್ಟರಿಯಲ್ಲಿ ಸಂದುಗೊಂದು ಅಳೆಯುವ ವರ್ನಿಯರ್ ಜೇಬಿನಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ. ತೊಟ್ಟಿಲು ಹಾಲಿನ ಮಧ್ಯದಲ್ಲಿ, ಎಣ್ಣೆ ಹಚ್ಚಿ, ಹೊಸದರ ಹಾಗೆ. ಅಕ್ಕ ಹಾಸಿಗೆಗೆ ಹಳದಿ ಕವರ್ ಬೇರೆ ಹೊಲಿದಿದ್ದಳು.

“ಬಂದ್ರಪ್ಪ ಇನ್‌ಸ್ಪೆಕ್ಟರ್ ಸಾಹೇಬರು! ಅಳೀರಿ, ಅಳೀರಿ. ಸೀಲು ಹಾಕಿ ತಗೊಂಡು ಹೋಗಿ” ಎಂದಳು.

ಅಳೆದೆ. ಎರಡು ಸರಳುಗಳ ನಡುವೆ ಐದು ಪಾಯಿಂಟ್ ಎಂಟು ಸೆಂಟಿಮೀಟರ್. ಆರೂವರೆ ಮೀರಬಾರದು ಎಂದು ಓದಿಕೊಂಡು ಹೋಗಿದ್ದೆ. ಇನ್ನೊಂದು ಸಂದು ಅಳೆದೆ. ಐದು ಪಾಯಿಂಟ್ ಎಂಟು. ಮತ್ತೊಂದು. ಅದೂ ಅಷ್ಟೇ. ನಮ್ಮ ಲೇತ್ ಮಷೀನೂ ಇಷ್ಟು ಸಮ ಕೊಡುವುದಿಲ್ಲ.

“ಏಳು ಬರ್ತಿದೆ ಅಕ್ಕ” ಎಂದೆ. “ಆರೂವರೆ ಒಳಗಿರಬೇಕಂತೆ. ಜಾಸ್ತಿ ಇದ್ರೆ ಮಗು ಜಾರಿ ತಲೆ ಸಿಕ್ಕಿಕೊಳ್ಳುತ್ತಂತೆ. ಈಗ ರೂಲ್ಸ್ ಭಾರಿ ಸ್ಟ್ರಿಕ್ಟು...”

ಇನ್ನೂ ಏನೇನೋ ಹೇಳಿದೆ. ಸುಳ್ಳಿಗೆ ಕಾಲಿಲ್ಲದಿದ್ದರೂ ನಾಲಿಗೆ ಮಾತ್ರ ಉದ್ದ.

ಭಾವ ಬಾಗಿಲಲ್ಲಿ ನಿಂತಿದ್ದರು. ತಮ್ಮ ಬಲಗೈ ನೋಡಿಕೊಂಡರು. “ನಾನು ಮೂರು ಬೆರಳು ಇಟ್ಟು ಹೊಂದಿಸಿದ್ದೆ” ಎಂದರು. ಅಷ್ಟೇ.

ಅಕ್ಕ ಹಳದಿ ಕವರನ್ನು ಬಿಚ್ಚತೊಡಗಿದಳು. ಕಾಫಿ ಕುಡಿದು ಬಂದೆ. ಕುಡಿದೆನಲ್ಲ, ಅದೂ ಒಂದು ಆಶ್ಚರ್ಯ.

ಮಾರ್ಚ್ 10, ಸೋಮವಾರ. ಊಟದ ಬಿಡುವು

ಇವತ್ತು ನಲವತ್ತು ಪೀಸಿಗೆ ಕೆಂಪು ಟ್ಯಾಗ್ ಕಟ್ಟಿದೆ. ಎಲ್ಲವೂ ನಿಜವಾಗಿ ಕೆಟ್ಟಿದ್ದವು. ಮಷೀನಿನವನು ಬೈದುಕೊಂಡ. “ಅಳತೆ ಸುಳ್ಳು ಹೇಳಲ್ಲಪ್ಪ” ಎಂದೆ, ಎಂದಿನ ಡೈಲಾಗು. ಹೇಳಿದ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಮಾರ್ಚ್ 16, ಭಾನುವಾರ

ಹೊಸ ತೊಟ್ಟಿಲು ಬಂತು. ಡಬ್ಬಿಯಲ್ಲಿ ಮೂವತ್ತೆರಡು ಸ್ಕ್ರೂ, ಚಿತ್ರಗಳೇ ತುಂಬಿದ ಒಂದು ಹಾಳೆ. ಮೂರು ಗಂಟೆ ಹಿಡಿಯಿತು. ಒಂದು ಸ್ಕ್ರೂ ಮಿಕ್ಕಿತು. ಎಲ್ಲಿಯದೆಂದು ಇನ್ನೂ ಗೊತ್ತಾಗಿಲ್ಲ. ಅಲುಗಾಡಿಸಿದರೆ ಕಿರ್ ಅನ್ನುತ್ತದೆ.

ಅಭ್ಯಾಸಬಲ, ಸಂದು ಅಳೆದೆ. ಆರು ಪಾಯಿಂಟ್ ಒಂದು.

ಭಾವನದಕ್ಕಿಂತ ಅಗಲ. ಪಾಸು. ಪಟ್ಟಿಯಲ್ಲಿ ಟಿಕ್ ಹಾಕಿದೆ.

ಮಾರ್ಚ್ 29, ಶನಿವಾರ

ಮೂರು ವಾರದಿಂದ ಅಕ್ಕನ ಫೋನಿಲ್ಲ. ನಾನೂ ಮಾಡಿರಲಿಲ್ಲ. ಫ್ಯಾಕ್ಟರಿಯಲ್ಲಿ ಆಡಿಟ್ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಯೇ ತಳ್ಳಿ ಕಳಿಸಿದಳು, “ಹೋಗಿ ನೋಡ್ಕೊಂಡು ಬನ್ನಿ, ಅತ್ತಿಗೆ ಇಷ್ಟು ದಿನ ಸುಮ್ಮನಿರೋರಲ್ಲ” ಎಂದು.

ತೊಟ್ಟಿಲು ಇರಲಿಲ್ಲ. ನಾನು ಅಳೆದ ಮಾರನೆಯ ದಿನವೇ ಭಾವ ಬಿಚ್ಚಿಹಾಕಿದರಂತೆ. ಅವರ ತಟ್ಟೆ ಮೇಜಿನ ಮೇಲೆ ಮುಚ್ಚಿಟ್ಟಿತ್ತು. ಅಕ್ಕ ಅವರೊಡನೆ ಕುಳಿತು ಊಟ ಮಾಡುತ್ತಿಲ್ಲ. ಮಾತೂ ಇಲ್ಲ.

ಸೋಫಾದ ತುದಿಯಲ್ಲಿ ಕುಳಿತು ಮೆಲ್ಲಗೆ ಕೇಳಿದಳು. “ಅವತ್ತು ಬೆಳಿಗ್ಗೆ ಮಗು ಸರಳಿನ ಕಡೆ ಮುಖ ಮಾಡಿತ್ತು ಕಣೋ. ಮೂಗು ಸಂದಿಗೆ ಒತ್ತಿತ್ತಾ, ಇಲ್ವಾ? ನಾಲ್ಕು ವರ್ಷ ನೆನಪಿಸ್ಕೊಂಡಿರಲಿಲ್ಲ. ಈಗ ದಿನಾ ನೋಡ್ತೀನಿ, ಒಂದೊಂದು ದಿನ ಒಂದೊಂದು ಥರ ಕಾಣುತ್ತೆ. ನೀನು ಅಳತೆ ಬಲ್ಲವನು, ನೀನೇ ಹೇಳು. ಏಳು ಅಂದ್ರೆ ಸಾಕಾ? ಅಷ್ಟು ಸಣ್ಣ ತಲೆಗೆ?”

ಇದು ನನಗೆ ಹೊಳೆದಿರಲೇ ಇಲ್ಲ. ದೇವರಾಣೆ ಹೊಳೆದಿರಲಿಲ್ಲ. ಹೊಳೆಯದಿದ್ದದ್ದೇ ದೊಡ್ಡ ತಪ್ಪು.

ಆಗಲೇ ಹೇಳಬೇಕಿತ್ತು. ಒಂದು ವಾಕ್ಯ. ಬಾಯಿಂದ ಬಂದದ್ದು ಏನು? “ಡಾಕ್ಟ್ರು ಹೃದಯ ಅಂದಿದ್ರಲ್ಲ ಅಕ್ಕ.”

“ಡಾಕ್ಟ್ರು ತೊಟ್ಟಿಲು ಅಳೆದಿರಲಿಲ್ಲವಲ್ಲೋ” ಎಂದಳು.

ಮಾರ್ಚ್ 30, ಭಾನುವಾರ

ಹೆಂಡತಿಗೆ ಎಲ್ಲ ಹೇಳಿದೆ. ಸಂದು ಏಳಲ್ಲ, ಐದು ಪಾಯಿಂಟ್ ಎಂಟು ಎಂದು. ಅವಳು ಈ ಮೂರು ವಾರವೂ ಅಳತೆ ನಿಜವೆಂದೇ ನಂಬಿದ್ದಳು. ಪುಣ್ಯಕ್ಕೆ ನೆಪ ತಾನಾಗಿ ಸಿಕ್ಕಿತು ಎಂದುಕೊಂಡಿದ್ದಳು.

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಬೇಡ ಅಂದವಳು ನಾನು. ನಾನೇ ಹೋಗಿ ಅತ್ತಿಗೆ ಕಾಲು ಹಿಡ್ಕೋತೀನಿ” ಎಂದು ಚಪ್ಪಲಿ ಹುಡುಕಿದಳು. ತುಂಬಿದ ಬಸುರಿ, ಬಗ್ಗಿದರೆ ತನ್ನ ಕಾಲೇ ಅವಳಿಗೆ ಕಾಣುವುದಿಲ್ಲ. ಕೂರಿಸಿದೆ. ಬೇಡ ಅನ್ನುವುದು ತಪ್ಪಲ್ಲ. ಸುಳ್ಳು ನನ್ನದು.

ಏಪ್ರಿಲ್ 2, ಬುಧವಾರ. ಅರ್ಧ ದಿನ ರಜೆ

ಭಾವನ ವರ್ಕ್‌ಶಾಪಿಗೆ ಹೋದೆ. ಯಾವುದೋ ಅಂಗಡಿಯ ಕಪಾಟಿಗೆ ಹಲಗೆ ಹೆರೆಯುತ್ತಿದ್ದರು. ಮಷೀನು ನಿಲ್ಲಿಸುವವರೆಗೆ ನಿಂತೇ ಇದ್ದೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಕೈ ಮೇಲಿನ ಪುಡಿ ಕೊಡವಿದರು. “ಗೊತ್ತು” ಎಂದರು.

“ಗೊತ್ತಾ?”

“ನೀನು ಗೇಟು ದಾಟೋದ್ರೊಳಗೆ ಟೇಪು ಹಿಡಿದು ನೋಡಿದೆ. ಬಡಗಿ ಅಲ್ವೇನೋ ನಾನು? ನಿನ್ನ ಹತ್ರ ಇರೋದು ಒಂದು ವರ್ನಿಯರ್ರು, ನನ್ನ ಹತ್ರ ಮೂವತ್ತು ವರ್ಷದ ಬೆರಳಿದೆ.”

ಹಾಗಾದರೆ ಅಕ್ಕನಿಗೆ ಯಾಕೆ ಹೇಳಲಿಲ್ಲ? ಕೇಳಿದೆ. ಹಲಗೆ ಸವರುತ್ತಲೇ ಹೇಳಿದರು.

“ಏನಂತ ಹೇಳಲಿ? ಅಳತೆ ಸರಿಯಿದೆ ಅಂದ್ರೆ, ಮತ್ತೆ ತಮ್ಮ ಯಾಕೆ ಬೇಡ ಅಂದ ಅಂತ ಕೇಳ್ತಾಳೆ. ನಮ್ಮ ಮಗು ಮಲಗಿದ್ದ ಜಾಗ ಅಪಶಕುನ ಅಂತ ಹೆದರ್ಕೊಂಡ ಅನ್ನಬೇಕು. ಅವಳು ಹೊಲಿದ ಕವರ್ರು ನೋಡಿದ್ಯಲ್ಲ? ಎಷ್ಟು ವರ್ಷದ ಮೇಲೆ ಸೂಜಿ ಹಿಡಿದಿದ್ಲು. ಗಂಡನ ಕೈ ತಪ್ಪಿತು ಅಂದ್ರೆ ಒಂದಿನ ಕ್ಷಮಿಸ್ತಾಳೆ. ತಮ್ಮ ಹಾಗಂದ್ಕೊಂಡ ಅಂದ್ರೆ... ಬಿಡು. ನನಗೇ ಇರಲಿ ಅಂದ್ಕೊಂಡೆ. ಇಷ್ಟು ದೂರ ಹೋಗುತ್ತೆ ಅಂತ ನಂಗೂ ಗೊತ್ತಾಗಲಿಲ್ಲ.”

ಆ ಮನುಷ್ಯ ಮೂರು ವಾರದಿಂದ ತಮ್ಮ ಮಗಳನ್ನು ಕೊಂದವರಾಗಿ ಒಬ್ಬರೇ ಊಟ ಮಾಡುತ್ತಿದ್ದಾರೆ. ನನ್ನ ಮರ್ಯಾದೆ ಉಳಿಸಲು. ಅಲ್ಲೇ ಮರದ ಪುಡಿಯ ಮೇಲೆ ಕುಳಿತು ಅತ್ತುಬಿಟ್ಟೆ. ಅಳುವ ಹಕ್ಕಾದರೂ ಇತ್ತೇ ನನಗೆ?

ತೊಟ್ಟಿಲಿನ ಕೆಳಗಿನ ಅಡ್ಡಪಟ್ಟಿಯೊಂದು ಗೋಡೆಗೆ ಒರಗಿತ್ತು. ಸರಳು ಕೂರುವ ತೂತುಗಳು ಹಾಗೇ ಇದ್ದವು. ಅಳೆದರೆ ಸಂದು ಎಷ್ಟೆಂದು ಯಾರಿಗಾದರೂ ಗೊತ್ತಾಗುತ್ತದೆ. ಕೊಡಿ ಎಂದೆ. ಪೇಪರಿನಲ್ಲಿ ಸುತ್ತಿ ಕೊಟ್ಟರು.

“ಹೇಳೋದಾದ್ರೆ ನೀನೇ ಹೇಳ್ಬೇಕು. ನನ್ನ ಬಾಯಿಂದ ಬರಲ್ಲ.”

ಏಪ್ರಿಲ್ 3

ಅಕ್ಕನ ಬೀದಿಯ ತಿರುವಿನ ತನಕ ಹೋಗಿ ಬಂದೆ.

ಏಪ್ರಿಲ್ 5

ಇವತ್ತೂ.

ಏಪ್ರಿಲ್ 8, ಮಂಗಳವಾರ. ಆಸ್ಪತ್ರೆ, ಬೆಳಿಗ್ಗೆ 11

ಹೆಣ್ಣು. ಎರಡು ಕಿಲೋ ಒಂಬೈನೂರು. ಇಬ್ಬರೂ ಕ್ಷೇಮ. ನರ್ಸು ತಂದು ತೋಳಿಗೆ ಕೊಟ್ಟಾಗ ಪಟ್ಟಿ, A, B, C, ಎಲ್ಲ ಮರೆತುಹೋಯಿತು. ತಲೆ ನನ್ನ ಅಂಗೈಯಲ್ಲಿ ಕೂತಿತು. ಇಷ್ಟೇ ಇಷ್ಟು. ಅಕ್ಕ ಕೇಳಿದ್ದು ಆಗ ನೆನಪಾಯಿತು. ‘ಅಷ್ಟು ಸಣ್ಣ ತಲೆಗೆ?’

ಅಕ್ಕನಿಗೆ ಫೋನು ಮಾಡಿದೆ. “ಒಳ್ಳೇದಾಯ್ತು ಕಣೋ, ತುಂಬ ಒಳ್ಳೇದಾಯ್ತು” ಎಂದಳು. ಬರುತ್ತೇನೆ ಎನ್ನಲಿಲ್ಲ. ಭಾವ ಒಬ್ಬರೇ ಬಂದು ನೋಡಿ ಹೋದರು.

ಏಪ್ರಿಲ್ 11, ಶುಕ್ರವಾರ. ಮನೆ, ಸಂಜೆ 4

ಅಕ್ಕ ಬಂದಿದ್ದಾಳೆ. ಹೇಳದೆ ಕೇಳದೆ. ಕೈಯಲ್ಲಿ ಒಂದು ಹಳದಿ ಕುಲಾವಿ. ಆ ಕವರಿನ ಬಟ್ಟೆಯೇ. ನೋಡಿದೊಡನೆ ಗುರುತು ಹತ್ತಿತು.

ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದೆ. ಅಕ್ಕ ಹತ್ತಿರ ಬರಲಿಲ್ಲ. ಬಾಗಿಲ ಬಳಿಯೇ ನಿಂತು ಸರಳುಗಳನ್ನು ನೋಡಿದಳು.

“ಇದರದ್ದು ಎಷ್ಟು?” ಎಂದಳು.

“ಆರು ಪಾಯಿಂಟ್ ಒಂದು.”

“ಒಳ್ಳೇದು” ಎಂದಳು. “ಹೊರಗಿಂದ ಬಂದಿದೀನಿ, ಕೈ ತೊಳ್ಕೊಂಡು ಬರ್ತೀನಿ. ಮುಟ್ಟಲ್ಲ. ಸುಮ್ನೆ ತೊಳ್ಕೋತೀನಿ.”

ಬಚ್ಚಲಲ್ಲಿ ನಲ್ಲಿಯ ನೀರು ಹರಿಯುತ್ತಲೇ ಇದೆ. ಇಷ್ಟು ಹೊತ್ತು ಯಾರೂ ಕೈ ತೊಳೆಯುವುದಿಲ್ಲ. ಒಳಗಿನ ಕೋಣೆಯಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಾಳೆ. ಅಡ್ಡಪಟ್ಟಿಯನ್ನು ಪೇಪರ್ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ವರ್ನಿಯರ್. ಬರೆಯುತ್ತಾ ಕುಳಿತಿದ್ದೇನೆ, ಬರೆಯದಿದ್ದರೆ ಓಡಿಹೋಗುತ್ತೇನೆ. ಇವತ್ತಿನ ನಂತರ ಅವಳು ನನ್ನ ಜೊತೆ ಮಾತಾಡದೆ ಇರಬಹುದು. ಇರಲಿ. ಭಾವನ ಪಕ್ಕ ಕುಳಿತು ಊಟ ಮಾಡಿದರೆ ಸಾಕು.

ನೀರು ನಿಂತಿತು.

“ಏನೋ ಬರೀತಿದೀಯ? ಇದೇನೋ ಇದು, ನಮ್ಮ ತೊಟ್ಟಿಲ ಪಟ್ಟಿ ಇಲ್ಲಿ...”

ಅಕ್ಕ, ಕೂತ್ಕೋ. ನಿಮ್ಮ ತೊಟ್ಟಿಲ ಸಂದು ಏಳಲ್ಲ. ಐದು ಪಾಯಿಂಟ್