ಮೇಷ್ಟ್ರ ಕರ್ಚೀಫು

ಮಾರ್ಚ್ 4, ಸಂಜೆ

ಇವತ್ತೂ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಗ್ಲಿಸಾಂಡೋ — ಪಿಯಾನೋದ ಬಿಳಿ ಕೀಗಳ ಮೇಲೆ ಉಗುರನ್ನು ಸರ್ರನೆ ಜಾರಿಸುವುದು. ಕೆಳಕ್ಕೆ, ಅಂದರೆ ಎಡಕ್ಕೆ, ಹೆಬ್ಬೆರಳಿನ ಉಗುರು; ಮೇಲಕ್ಕೆ, ಬಲಕ್ಕೆ, ನಡುಬೆರಳಿನದು. ಮೇಷ್ಟ್ರು ಕೆಳಕ್ಕಷ್ಟೇ ತೋರಿಸುತ್ತಾರೆ. ಮೇಲಕ್ಕೆ ಕೇಳಿದರೆ, ಆಮೇಲೆ ನೋಡೋಣ. ಯಾವಾಗಲೂ ಅದೇ ರಾಗ.

ಅವರು ಸಂಜೆ ನುಡಿಸುವ ಹೋಟೆಲಿಗೆ ಇನ್ನೊಬ್ಬರು ಬೇಕಂತೆ. ನನ್ನ ಹೆಸರು ಹೇಳಿದ್ದು ಅವರೇ. ಕೈಹಿಡಿದು ಮೇಲೆತ್ತುತ್ತಾರೋ, ಮಾಲೀಕರ ಮುಂದೆ ನಗೆಪಾಟಲು ಮಾಡಿಸುತ್ತಾರೋ... ಡ್ಯಾನ್ಸ್ ಕ್ಲಾಸಿನಲ್ಲಿ ಮಕ್ಕಳ ಕುಣಿತಕ್ಕೆ ಪಿಯಾನೋ ಕುಟ್ಟಿ ಕುಟ್ಟಿ ಸಾಕಾಗಿದೆ. ಈ ಕೆಲಸ ನನಗೆ ಬೇಕು.

ಮಾರ್ಚ್ 6

ಅಕ್ಕನಿಗೆ ಹೇಳಿದೆ. ನಕ್ಕಳು. ಹಾಲಿನವನು, ಡಾಕ್ಟರು, ತನ್ನ ಗಂಡ — ನನ್ನ ಅನುಮಾನದಿಂದ ಯಾರೂ ಪಾರಾಗಿಲ್ಲವಂತೆ. ಭಾವನ ವಿಷಯದಲ್ಲಿ ನಾನು ಹೇಳಿದ್ದೇ ನಿಜವಾಯಿತು. ಅದನ್ನು ನೆನಪಿಸಲಿಲ್ಲ.

ಮಾರ್ಚ್ 9, ನಾಲ್ಕು ಗಂಟೆ

ಸಿಕ್ಕಿಬಿದ್ದರು. ಪಾಠಕ್ಕೆ ಬೇಗ ಹೋಗಿದ್ದೆ. ಬಾಗಿಲ ಸಂದಿಯಿಂದ ನೋಡಿದರೆ — ಮೇಷ್ಟ್ರು ನಡುಬೆರಳು, ಉಂಗುರಬೆರಳು ಸೇರಿಸಿ ಕರ್ಚೀಫ್ ಸುತ್ತಿ, ಹಲ್ಲಿನಿಂದ ಗಂಟು ಬಿಗಿಯುತ್ತಿದ್ದಾರೆ. ಆಮೇಲೆ ಕೈ ಮೇಲಕ್ಕೆ ಜಾರಿತು, ಬೆಣ್ಣೆಯ ಹಾಗೆ. ನಾನು ಕೆಮ್ಮಿದ್ದೇ ತಡ, ಕರ್ಚೀಫ್ ಜೇಬು ಸೇರಿತು.

ಗುಟ್ಟು ಇದು. ನನ್ನ ಚರ್ಮ ಸುಲಿಸಿ, ತಾವು ಬಟ್ಟೆ ಸುತ್ತಿಕೊಂಡು ಆರಾಮ. ಮೈಯೆಲ್ಲ ಉರಿಯಿತು.

ಮಾರ್ಚ್ 15

ಹೋಟೆಲಿನಲ್ಲಿ ಪರೀಕ್ಷೆ. ಮೇಷ್ಟ್ರು ಬರುವ ಮೊದಲೇ ಹೋದೆ. ಕರ್ಚೀಫ್ ಸುತ್ತಿ ಮೇಲಕ್ಕೂ ಜಾರಿಸಿದೆ. ಚೆನ್ನಾಗೇ ಬಂತು. ಬಟ್ಟೆ ಯಾಕೆಂದು ಮಾಲೀಕರು ಕೇಳಿದರು. ಮೇಷ್ಟ್ರೂ ಹೀಗೇ ಸುತ್ತಿಕೊಳ್ಳುವುದು, ನಮಗೆ ಹೇಳಿಕೊಡುವುದಿಲ್ಲ ಅಷ್ಟೇ ಅಂದೆ. ಹೇಳಿ ಹಗುರವಾಯಿತು.

ಮಾಲೀಕರು ನಗಲಿಲ್ಲ. "ಯಾವ ಬೆರಳಿಗೆ?" ಅಂತಷ್ಟೇ ಕೇಳಿದರು. ನಡುಬೆರಳಿಗೆ ಅಂದೆ.

ಮಾರ್ಚ್ 17

ಕೆಲಸ ನನಗೆ. ಎರಡನೆಯವಳಾಗಿ ಅಲ್ಲ — ಮೇಷ್ಟ್ರ ಜಾಗಕ್ಕೆ, ನಾನೊಬ್ಬಳೇ. ಮಾಲೀಕರು ಮೇಷ್ಟ್ರ ಕೈ ಬಿಡಿಸಿ ನೋಡಿದರಂತೆ. ನಡುಬೆರಳು ಮಡಿಚಿಕೊಂಡಿದೆ, ನೆಟ್ಟಗಾಗುವುದಿಲ್ಲ. ಹೋಟೆಲಿನಲ್ಲಿ ಮೇಲಕ್ಕೆ ಜಾರುವುದನ್ನೆಲ್ಲ ಉಪಾಯವಾಗಿ ಬಿಟ್ಟು ನುಡಿಸುತ್ತಿದ್ದರು. ಮನೆಯಲ್ಲಿ ಪಕ್ಕದ ಬೆರಳಿಗೆ ಕಟ್ಟಿಕೊಂಡು ಪ್ರಯತ್ನಪಡುತ್ತಿದ್ದರು. ನನಗೆ ತೋರಿಸದೆ ಇದ್ದದ್ದೂ ಅದಕ್ಕೇ.

ಊಟ ಸೇರಲಿಲ್ಲ.

ಮಾರ್ಚ್ 20

ಪಾಠಕ್ಕೆ ಹೋದೆ. ಹೋಗದಿದ್ದರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದು ಬಾಯಲ್ಲೇ ಕಲಿಸಿದರು. ಅಂಗೈ ಮೇಲ್ಮುಖ, ಕೈ ಓರೆ, ಒತ್ತಬೇಡ, ಬರೀ ಉಗುರು ತಾಗಲಿ. ಬಂತು. ಬಟ್ಟೆಯಿಲ್ಲದೆ, ರಕ್ತವಿಲ್ಲದೆ.

"ನೀನು ಪೂರ್ತಿ ತಯಾರಾಗೋವರೆಗೂ ಈ ಬೆರಳಿನ ವಿಷಯ ಮುಚ್ಚಿಡೋಣ ಅಂತಿದ್ದೆ ಕಣಮ್ಮ. ಆಮೇಲೆ ಕೆಲಸ ನಾನೇ ನಿಂಗೆ ಬಿಟ್ಟುಕೊಡ್ತಿದ್ದೆ. ಮಾಲೀಕರಿಗೆ ಯಾರು ಹೇಳಿದ್ರೋ... ನಿಂಗೇನಾದ್ರೂ ಗೊತ್ತಾ?"

ಮುಖ ನೋಡಿದೆ. ಗೊತ್ತಿದ್ದೇ ಕೇಳಿದರೋ, ಗೊತ್ತಿಲ್ಲದೆಯೋ. ಇಲ್ಲ ಅಂದೆ.

ಮಾರ್ಚ್ 21, ಬೆಳಿಗ್ಗೆ

ಸಂಜೆ ಹೋಟೆಲಿನಲ್ಲಿ ಮೊದಲ ದಿನ. ಮೇಷ್ಟ್ರು ಕೇಳಲು ಬರುತ್ತಾರಂತೆ. ಬಾಗಿಲ ಪಕ್ಕದ ಕುರ್ಚಿ ಸಾಕಂತೆ. ಉಗುರನ್ನು ತೀರಾ ಕತ್ತರಿಸಬೇಡ ಅಂತ ಫೋನ್ ಮಾಡಿ ಹೇಳಿದರು. ಅಷ್ಟಕ್ಕೇ ಫೋನು. ಅವರಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ...

ನುಡಿಸುವ ಮೊದಲು ಹೇಳಿಬಿಡಬೇಕು. ಮೇಷ್ಟ್ರೇ, ಅವತ್ತು ಮಾಲೀಕರಿಗೆ —